ಬೆರಳನ್ನು ಗುರುತಿಸದ ಬಟನ್: ಹರಾಜಿನಲ್ಲಿ ಕೊಂಡ ಒಂದು ಹಳೆಯ ಐಫೋನಿನ ಪ್ರಕರಣ

ಶಿರಸಿಯ ಚಿಕ್ಕಮ್ಮನ ಐಫೋನ್ 7 ಕಳೆದ ಅಕ್ಟೋಬರಿನ ಒಂದು ಬೆಳಿಗ್ಗೆ ಬಚ್ಚಲಿನ ಹಂಡೆಯೊಳಗೆ ಬಿತ್ತು. ಕುದಿಯುತ್ತಿದ್ದ ನೀರಿನಿಂದ ಅದನ್ನು ಚೊಂಬಿನಲ್ಲಿ ಮೊಗೆದು ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗಳು ಬಳಸಿ ಬಿಟ್ಟಿದ್ದ ಫೋನನ್ನು ಅವಳು ಆರು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದಳು. ಆ ಸಂಜೆ ಚಿಕ್ಕಪ್ಪನ ಫೋನಿನಿಂದ ಕರೆ ಮಾಡಿ ಹೇಳಿದಳು: "ಅಪ್ಪಿ, ಡಿಸೆಂಬರಿನಲ್ಲಿ ಬರುವಾಗ ನನಗೊಂದು ಫೋನು ತಾ. ಹೊಸ ನಮೂನೆಯದು ಬೇಡ. ಕೆಳಗೆ ಗುಂಡಗಿನ ಬಟನ್ ಇರುತ್ತದಲ್ಲ, ಅಂಥದೇ ಬೇಕು. ಬೆರಳಿಟ್ಟರೆ ತೆರೆದುಕೊಳ್ಳಬೇಕು, ಅಷ್ಟೇ."

ಇದು ವಯಸ್ಸಾದವರ ಹಟ ಎಂದುಕೊಳ್ಳಬಾರದು. ಚಿಕ್ಕಮ್ಮನ ಬಲಗೈ ಐದಾರು ವರ್ಷಗಳಿಂದ ನಡುಗುತ್ತದೆ. ಆರು ಅಂಕಿಗಳ ಪಾಸ್‌ಕೋಡ್ ಒತ್ತಲು ಹೋದರೆ ಒಂದರ ಬದಲು ಪಕ್ಕದ ಅಂಕಿ ಒತ್ತಿಹೋಗುತ್ತದೆ. ತಪ್ಪು ಮೇಲಿಂದ ಮೇಲೆ ಆದರೆ ಐಫೋನು ಮೊದಲು ಒಂದು ನಿಮಿಷ, ಆಮೇಲೆ ಐದು, ಆಮೇಲೆ ಹದಿನೈದು ನಿಮಿಷ ಯಾರನ್ನೂ ಒಳಗೆ ಬಿಡುವುದಿಲ್ಲ. ಮುಖ ನೋಡಿ ತೆರೆಯುವ ಫೋನುಗಳಲ್ಲಿ ಪರದೆಯ ಕೆಳತುದಿಯಿಂದ ಮೇಲಕ್ಕೆ ಬೆರಳು ಎಳೆಯಬೇಕು. ಮಗಳ ಫೋನಿನಲ್ಲಿ ಅದನ್ನೂ ಮಾಡಿ ನೋಡಿದ್ದಳು. ಎಳೆತ ಅರ್ಧಕ್ಕೇ ನಿಲ್ಲುತ್ತಿತ್ತು. ಹಾಗಾಗಿ ನಾನು ಹುಡುಕಬೇಕಾಗಿದ್ದದ್ದು ಮೊದಲು ಕೆಲಸ ಮಾಡುವ ಒಂದು ಹೋಮ್ ಬಟನ್, ಅದರ ಸುತ್ತ ಒಂದು ಫೋನು.

ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಹಳೆಯ ಫೋನು ಕೊಳ್ಳುವವರು ಆ ಫೋನಿನ ಕ್ಯಾಮೆರಾ, ಚಿಪ್, ಬ್ಯಾಟರಿಗಳ ಬಗ್ಗೆ ವಾರಗಟ್ಟಲೆ ಓದುತ್ತಾರೆ. ಮಾರುವವನು ಬರೆದ ಹತ್ತು ಸಾಲನ್ನು ಪೂರ್ತಿ ಓದುವುದಿಲ್ಲ. ನಾನೂ ಓದಲಿಲ್ಲ. ಹರಾಜಿನಲ್ಲಿ ನಮ್ಮ ಕಣ್ಣೆದುರು ಇರುವುದು ಫೋನಲ್ಲ, ಮಾರುವವನ ಮಾತು. ಆ ಮಾತನ್ನು ಪರೀಕ್ಷಿಸುವುದು ಹೇಗೆಂದು ನಾನು ಎರಡು ಫೋನು ಕೊಂಡ ಮೇಲೆ ಕಲಿತೆ.

ಯಾವ ಫೋನು

ಆಪಲ್ ಕಂಪನಿ 2025ರ ಫೆಬ್ರುವರಿಯಲ್ಲಿ ಐಫೋನ್ 16ಇ ತಂದಾಗ ಮೂರನೆಯ ತಲೆಮಾರಿನ ಐಫೋನ್ ಎಸ್‌ಇಯ ಮಾರಾಟ ನಿಲ್ಲಿಸಿತು. ಹೋಮ್ ಬಟನ್ ಇರುವ ಐಫೋನು ಅಲ್ಲಿಗೆ ಹೊಸದರ ಪಟ್ಟಿಯಿಂದ ಮರೆಯಾಯಿತು. ಈಗ ಆ ಬಟನ್ ಬೇಕೆಂದವರಿಗೆ ಹಳೆಯ ಮಾಲೇ ಗತಿ.

ಹಳೆಯದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು 2020ರ ಏಪ್ರಿಲಿನಲ್ಲಿ ಬಂದ ಎರಡನೆಯ ತಲೆಮಾರಿನ ಎಸ್‌ಇ. 4.7 ಇಂಚಿನ ಪರದೆ, ಐಫೋನ್ 11ರಲ್ಲಿ ಇರುವ ಎ13 ಚಿಪ್. ಬ್ರಿಟನ್ನಿನಲ್ಲಿ ಆಗ ಅದರ ಬೆಲೆ 419 ಪೌಂಡ್, ಭಾರತದಲ್ಲಿ 42,500 ರೂಪಾಯಿ. ಹೊರಗಿನಿಂದ ನೋಡಿದರೆ ಇದು 2017ರ ಐಫೋನ್ 8ರ ಅವಳಿ. ಆದರೆ ಐಫೋನ್ 8ರ ಓಎಸ್ 16ನೆಯ ಆವೃತ್ತಿಗೇ ನಿಂತಿದೆ. ಎಸ್‌ಇಗೆ 2025ರ ಸೆಪ್ಟೆಂಬರಿನಲ್ಲಿ ಬಂದ ಐಓಎಸ್ 26 ಕೂಡ ಸಿಕ್ಕಿದೆ. ಬ್ಯಾಂಕಿನ ಆ್ಯಪ್ ಬಳಸುವ ಚಿಕ್ಕಮ್ಮನಿಗೆ ಹೊಸ ಓಎಸ್ ಬರದ ಫೋನು ಕೊಡಲು ನನಗೆ ಮನಸ್ಸಿರಲಿಲ್ಲ. ಅವಳಿಗಳಲ್ಲಿ ಒಂದನ್ನು ಇನ್ನೊಂದರ ಹೆಸರಿನಲ್ಲಿ ಮಾರುವವರಿದ್ದಾರೆ, ಆದ್ದರಿಂದ ಗುರುತು ಹೇಳುತ್ತೇನೆ: ಎಸ್‌ಇಯ ಬೆನ್ನಿನ ಮೇಲೆ ಸೇಬಿನ ಚಿಹ್ನೆ ನಟ್ಟನಡುವೆ ಇರುತ್ತದೆ, 8ರಲ್ಲಿ ಮೇಲಕ್ಕೆ ಇರುತ್ತದೆ. ಎಸ್‌ಇ ಯಾವ ಬಣ್ಣದ್ದಾದರೂ ಅದರ ಮುಂಭಾಗ ಕಪ್ಪೇ.

ನಾನು ಇರುವುದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ಆನ್‌ಲೈನ್ ಮಾರಾಟದ ತಾಣ ಈಬೇ ಭಾರತದಲ್ಲಿ 2018ರ ಆಗಸ್ಟಿನಲ್ಲಿ ಬಾಗಿಲು ಹಾಕಿತು. ಇಲ್ಲಿ ಅದು ಈಗಲೂ ಜೋರಾಗಿ ನಡೆಯುತ್ತದೆ, ಅಂಗಡಿಯ ಹಾಗೆ ನಿಗದಿ ಬೆಲೆಗೂ ಮಾರುತ್ತಾರೆ, ಹಳೆಯ ಪದ್ಧತಿಯಂತೆ ಹರಾಜಿಗೂ ಇಡುತ್ತಾರೆ. ಆ ದಿನಗಳಲ್ಲಿ ನಾನು ನೋಡಿದಂತೆ, ತಾಣದ ಒಪ್ಪಿಗೆ ಪಡೆದ ಮಾರಾಟಗಾರರಲ್ಲಿ ಈ ಫೋನು 112 ಪೌಂಡಿಗೆ ಸಿಗುತ್ತಿತ್ತು. ಹರಾಜಿನಲ್ಲಿ ಇನ್ನೂ ಕಡಿಮೆಗೆ ಸಿಗಬಹುದೆಂದು ಅತ್ತ ತಿರುಗಿದೆ.

ರಾಶಿಗೆ ಕೈ ಹಾಕದ ಟೆಂಡರ್

ನಾನು ಬೆಳೆದದ್ದು ಅಡಿಕೆ ವ್ಯಾಪಾರದ ಊರಿನಲ್ಲಿ. ಶಿರಸಿಯ ಮಾರುಕಟ್ಟೆಯಲ್ಲಿ ವ್ಯಾಪಾರಿ ಟೆಂಡರ್ ಬರೆಯುವ ಮೊದಲು ಚೀಲಕ್ಕೆ ಕೈ ಹಾಕುತ್ತಾನೆ, ಅಡಿಯಿಂದ ಒಂದು ಹಿಡಿ ತೆಗೆಯುತ್ತಾನೆ, ಒಂದೆರಡು ಅಡಿಕೆ ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾನೆ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕ ಎಂಬ ಒಂದೊಂದು ಹೆಸರಿಗೂ ಅಲ್ಲಿ ಎಲ್ಲರೂ ಒಪ್ಪಿದ ಅರ್ಥವಿದೆ. ಕೋಕವನ್ನು ಚಾಲಿಯೆಂದು ಯಾರಾದರೂ ಬರೆದರೆ ಮರುದಿನ ಅವನ ಮಾಲು ಮುಟ್ಟುವವರಿರುವುದಿಲ್ಲ.

ಆನ್‌ಲೈನ್ ಹರಾಜಿನಲ್ಲಿ ಚೀಲಕ್ಕೆ ಕೈ ಹಾಕುವ ಅವಕಾಶವಿಲ್ಲ. ‘ರಿಫರ್ಬಿಶ್ಡ್’, ಅಂದರೆ ನವೀಕರಿಸಿದ್ದು, ಎಂಬ ಹೆಸರಿಗೂ ಒಂದೇ ಅರ್ಥವಿಲ್ಲ. ತಯಾರಿಸಿದ ಕಂಪನಿಯೇ ಬಿಚ್ಚಿ, ಹೊಸ ಬ್ಯಾಟರಿ ಹಾಕಿ ಮಾರಿದರೆ ಅದೂ ರಿಫರ್ಬಿಶ್ಡ್. ಯಾರೋ ಒಬ್ಬ ಮನೆಯ ಮೇಜಿನ ಮೇಲೆ ಅಗ್ಗದ ಪರದೆ ಅಂಟಿಸಿ, ಬಟ್ಟೆಯಲ್ಲಿ ಒರೆಸಿ ಕಳುಹಿಸಿದರೆ ಅದನ್ನೂ ಅವನು ಹಾಗೆಯೇ ಕರೆಯುತ್ತಾನೆ. ಈಬೇ ಈ ಗೊಂದಲಕ್ಕೆ ಸ್ವಲ್ಪ ಕಡಿವಾಣ ಹಾಕಿದೆ. ಫೋನಿನ ಸ್ಥಿತಿಯನ್ನು ಹೇಳುವ ಪ್ರತ್ಯೇಕ ಕಾಲಂನಲ್ಲಿ ರಿಫರ್ಬಿಶ್ಡ್ ಎಂದು ಹಾಕಲು ತಾಣದ ಒಪ್ಪಿಗೆ ಬೇಕು. ಅದರೊಳಗೂ ಪ್ರಮಾಣಿತ, ಅತ್ಯುತ್ತಮ, ಬಹಳ ಚೆನ್ನಾಗಿದೆ, ಚೆನ್ನಾಗಿದೆ ಎಂಬ ದರ್ಜೆಗಳಿವೆ. ಒಪ್ಪಿಗೆ ಇಲ್ಲದವನು ಆ ಕಾಲಂನಲ್ಲಿ ‘ಬಳಸಿದ್ದು’ ಎಂದು ಹಾಕಿ, ದೊಡ್ಡ ಅಕ್ಷರದ ಶೀರ್ಷಿಕೆಯಲ್ಲಿ ಮಾತ್ರ ರಿಫರ್ಬಿಶ್ಡ್ ಎಂದು ಬರೆದುಬಿಡುತ್ತಾನೆ. ಶೀರ್ಷಿಕೆ ಮಾರುವವನ ಬಾಯಿಮಾತು. ಕಾಲಂ ತಾಣದ ಲೆಕ್ಕ. ನಾನು ಓದಿದ್ದು ಶೀರ್ಷಿಕೆಯನ್ನು.

ಪುಟ ಹೀಗಿತ್ತು: ಬಿಳಿ ಬಣ್ಣದ ಎಸ್‌ಇ, 64 ಜಿಬಿ, ಯಾವ ಸಿಮ್ ಆದರೂ ನಡೆಯುತ್ತದೆ, ‘ಪೂರ್ತಿ ಪರೀಕ್ಷಿಸಿದ್ದೇವೆ, ಎಲ್ಲವೂ ಕೆಲಸ ಮಾಡುತ್ತದೆ’. ಐದು ಚಿತ್ರಗಳು, ಐದರಲ್ಲೂ ಫೋನು ಆರಿದ ಸ್ಥಿತಿಯಲ್ಲಿದೆ. ಮಾರಾಟಗಾರ ವ್ಯಾಪಾರ ಸಂಸ್ಥೆಯಾಗಿ ನೋಂದಾಯಿಸಿಕೊಂಡವನು. ಸಾವಿರಾರು ಮಾರಾಟ, ಶೇಕಡಾ 98ಕ್ಕೂ ಮೇಲಿನ ಮೆಚ್ಚುಗೆ. ಅಷ್ಟು ಸಾಕೆನ್ನಿಸಿತು.

ಹರಾಜು ಮುಗಿಯುವುದು ನವೆಂಬರ್ 9, ಭಾನುವಾರ ರಾತ್ರಿ. ಈಬೇಯಲ್ಲಿ ನಮ್ಮ ಗರಿಷ್ಠ ಮೊತ್ತವನ್ನು ಒಮ್ಮೆ ಬರೆದಿಟ್ಟರೆ ಯಂತ್ರವೇ ನಮ್ಮ ಪರವಾಗಿ ಕೂಗುತ್ತಾ ಹೋಗುತ್ತದೆ. ಗೆದ್ದವನು ಕೊಡುವುದು ಎರಡನೆಯವನ ಕೂಗಿಗಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೇ. ಇಂಥ ಹರಾಜಿನಲ್ಲಿ ತನಗೆ ಆ ವಸ್ತುವಿನ ನಿಜಬೆಲೆ ಎಷ್ಟೋ ಅಷ್ಟನ್ನೇ ಬರೆಯುವುದು ಜಾಣತನ ಎಂದು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲೇ ತೋರಿಸಿದ್ದರು. ನಾನು 90 ಪೌಂಡ್ ಬರೆದಿಟ್ಟು ಊಟಕ್ಕೆ ಕುಳಿತೆ. 82ಕ್ಕೆ ನಿಂತಿತು. ಅಂಚೆ ವೆಚ್ಚ ಸೇರಿ 86, ರೂಪಾಯಿಯಲ್ಲಿ ಸುಮಾರು ಹತ್ತು ಸಾವಿರ. ಎದುರಾಳಿಗಳ ಭರದಲ್ಲಿ ಹೆಚ್ಚು ಕೊಟ್ಟುಬಿಡುವ ತಪ್ಪಿನಿಂದ ಈ ಪದ್ಧತಿ ನನ್ನನ್ನು ಕಾಪಾಡಿತು. ವಸ್ತುವಿನ ಬಗ್ಗೆ ತಪ್ಪು ತಿಳಿದುಕೊಂಡವನನ್ನು ಯಾವ ಪದ್ಧತಿಯೂ ಕಾಪಾಡುವುದಿಲ್ಲ.

ಪೆಟ್ಟಿಗೆ ಬಂದ ಸಂಜೆ

ಗುರುವಾರ, ನವೆಂಬರ್ 13ರಂದು ಫೋನು ಬಂತು. ಹೊರಗೆ ನೋಡಲು ಅಂದವಾಗಿಯೇ ಇತ್ತು, ಒಂದು ಗೀರೂ ಇರಲಿಲ್ಲ. ನನ್ನ ವಿಮಾನ ಡಿಸೆಂಬರ್ 14ಕ್ಕೆ. ಉಡುಗೊರೆಯ ಕಾಗದ ಸುತ್ತಿ ಸೂಟ್‌ಕೇಸಿನಲ್ಲಿ ಇಟ್ಟುಬಿಡುವ ಮನಸ್ಸಾಗಿತ್ತು. ಹಾಗೆ ಮಾಡಿದ್ದರೆ? ಈಬೇಯಲ್ಲಿ ವಸ್ತು ವಿವರಣೆಗೆ ತಕ್ಕಂತೆ ಇಲ್ಲವೆಂದು ದೂರು ಕೊಡಲು ಇರುವುದು ಕೈ ಸೇರಿದ ದಿನದಿಂದ 30 ದಿನ. ಆ ಗಡುವು ನಾನು ವಿಮಾನ ಹತ್ತುವ ಹಿಂದಿನ ದಿನ ಮುಗಿಯುತ್ತಿತ್ತು. ಊರಿಗೆ ಒಯ್ಯಲೆಂದು ಫೋನು ಕೊಳ್ಳುವ ಅನಿವಾಸಿಗಳು ಈ ಒಂದು ಲೆಕ್ಕವನ್ನು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಪೆಟ್ಟಿಗೆಯನ್ನು ಬಂದ ದಿನವೇ ಬಿಚ್ಚಿ, ಫೋನನ್ನು ಒಂದು ವಾರ ನೀವೇ ಬಳಸಿ.

ಬಟನ್ ಒತ್ತಿದೆ. ಅದು ಕೆಳಗಿಳಿಯಿತು, ‘ಟಿಕ್’ ಎಂದಿತು. ಯಾರಿಗಾದರೂ ಸಂತೋಷವಾಗುವ ಸದ್ದು. ನನಗೆ ಮಾತ್ರ ಎದೆ ಧಸಕ್ಕೆಂದಿತು, ಏಕೆಂದರೆ ಈ ಫೋನಿನ ಅಸಲಿ ಬಟನ್ ಕೆಳಗಿಳಿಯುವುದೇ ಇಲ್ಲ. ಐಫೋನ್ 7ರಿಂದ ಮುಂದಕ್ಕೆ ಹೋಮ್ ಬಟನ್ ಅಲುಗಾಡದ ಒಂದು ಬಿಲ್ಲೆ. ಒತ್ತಿದಾಗ ಒಳಗಿನ ಸಣ್ಣ ಕಂಪನದ ಯಂತ್ರ ಬೆರಳಿಗೆ ‘ಒತ್ತಿದೆ’ ಎಂಬ ಭಾವನೆ ಕೊಡುತ್ತದೆ. ಫೋನು ಆರಿದ್ದಾಗ ಒತ್ತಿದರೆ ಕಲ್ಲು ಒತ್ತಿದ ಹಾಗಿರುತ್ತದೆ. ನನ್ನ ಕೈಯಲ್ಲಿದ್ದದ್ದು ಹೊರಗಿನ ಮಾರುಕಟ್ಟೆಯ ಬದಲಿ ಬಟನ್. ಮುಖಪುಟಕ್ಕೆ ಮರಳುವ ಕೆಲಸವನ್ನು ಅದು ಮಾಡುತ್ತದೆ, ಬೆರಳನ್ನು ಮಾತ್ರ ಗುರುತಿಸುವುದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಬೆರಳಚ್ಚು ಸೇರಿಸಲು ನೋಡಿದೆ. ಈ ಐಫೋನಿನಲ್ಲಿ ಟಚ್ ಐಡಿಯನ್ನು ಸಕ್ರಿಯಗೊಳಿಸಲು ಸಾಧ್ಯವಿಲ್ಲ ಎಂದು ಪರದೆಯ ಮೇಲೆ ಬಂತು.

ಹೀಗಾಗುವುದು ಏಕೆ ಎಂದು ತಿಳಿಯದವರಿಗೆ ಇದು ಮೋಸದ ಮಾಲು, ಕೆಟ್ಟ ಮಾಲು ಎಂದಷ್ಟೇ ಅನ್ನಿಸುತ್ತದೆ. ಕಾರಣ ತಿಳಿದರೆ ಮುಂದಿನ ಖರೀದಿಗೆ ದಾರಿ ಸಿಗುತ್ತದೆ. ಟಚ್ ಐಡಿ 2013ರಲ್ಲಿ ಐಫೋನ್ 5ಎಸ್ ಜೊತೆ ಬಂದಾಗಿನಿಂದಲೂ ಬೆರಳು ಓದುವ ಆ ಬಿಲ್ಲೆಗೂ ಫೋನಿನ ಒಳಗಿನ ಭದ್ರತಾ ಚಿಪ್ಪಿಗೂ ಕಾರ್ಖಾನೆಯಲ್ಲೇ ಗಂಟು ಹಾಕಿರುತ್ತಾರೆ. ಬೇರೆ ಬಿಲ್ಲೆ ತಂದು ಜೋಡಿಸಿದರೆ ಚಿಪ್ಪು ಅದನ್ನು ನಂಬುವುದಿಲ್ಲ. ಕದ್ದ ಫೋನಿಗೆ ಕೃತಕ ಬಿಲ್ಲೆ ಹಾಕಿ ಒಳನುಗ್ಗುವುದನ್ನು ತಡೆಯಲು ಈ ವ್ಯವಸ್ಥೆ, ಅದು ಸರಿಯೇ. ಆದರೆ ಪರದೆ ಒಡೆದಾಗ ರಿಪೇರಿ ಮಾಡುವವನು ಹಳೆಯ ಪರದೆಯಿಂದ ಅಸಲಿ ಬಟನ್ನನ್ನು ಬಿಡಿಸಿ ಹೊಸ ಪರದೆಗೆ ಕೂರಿಸಬೇಕು. ಅದಕ್ಕೆ ಅಂಟಿಕೊಂಡ ತಂತಿಪಟ್ಟಿ ಕಾಗದದಷ್ಟು ತೆಳ್ಳಗಿರುತ್ತದೆ. ಅವಸರದ ಕೈಯಲ್ಲಿ ಅದು ಹರಿದರೆ ಆ ಫೋನಿನ ಟಚ್ ಐಡಿ ಬೀದಿಬದಿಯ ಯಾವ ಅಂಗಡಿಯಲ್ಲೂ ಮತ್ತೆ ಬರುವುದಿಲ್ಲ. ಐಫೋನ್ 8ರ ಪರದೆ ಈ ಎಸ್‌ಇಗೂ ಕೂರುತ್ತದೆ, ಆದ್ದರಿಂದ ಅಗ್ಗದ ಬಿಡಿ ಪರದೆಗಳು ಧಾರಾಳ. ಪರದೆ ಬದಲಿಸುವುದು ಸುಲಭ, ಬಟನ್ ಉಳಿಸಿಕೊಳ್ಳುವುದು ಕಷ್ಟ.

ಬಟನ್ ಬದಲಾಗಿದ್ದರೆ ಪರದೆಯೂ ಬದಲಾಗಿರುವ ಸಾಧ್ಯತೆ ಹೆಚ್ಚು. ಅದನ್ನೂ ನೋಡಿದೆ. ಸುತ್ತಲಿನ ಬೆಳಕಿಗೆ ತಕ್ಕಂತೆ ಪರದೆಯ ಬಣ್ಣ ಹೊಂದಿಸುವ ‘ಟ್ರೂ ಟೋನ್’ ಎಂಬ ಆಯ್ಕೆ ಎಸ್‌ಇಯಲ್ಲಿ ಇರಬೇಕು. ಅಗ್ಗದ ಪರದೆ ಹಾಕಿದಾಗ ಅದು ಸೆಟ್ಟಿಂಗ್ಸ್‌ನಿಂದಲೇ ಮಾಯವಾಗುತ್ತದೆ. ಇಲ್ಲಿ ಇರಲಿಲ್ಲ. ಬ್ಯಾಟರಿಯ ಪುಟದಲ್ಲಿ ಅದು ಅಸಲಿಯೇ ಎಂದು ಖಚಿತಪಡಿಸಲು ಆಗುತ್ತಿಲ್ಲ ಎಂಬ ಸೂಚನೆ ಇತ್ತು. ಇನ್ನು ಮಾಡೆಲ್ ಸಂಖ್ಯೆಯ ಮೊದಲ ಅಕ್ಷರ. ಅದು ‘ಎಂ’ ಆಗಿದ್ದರೆ ಮೊದಲು ಹೊಸದಾಗಿ ಮಾರಿದ್ದು, ‘ಎಫ್’ ಆಗಿದ್ದರೆ ಆಪಲ್ ತಾನೇ ನವೀಕರಿಸಿದ್ದು, ‘ಎನ್’ ಆಗಿದ್ದರೆ ಕೆಟ್ಟುಹೋದ ಫೋನಿಗೆ ಬದಲಾಗಿ ಕೊಟ್ಟದ್ದು. ನನ್ನದರಲ್ಲಿ ‘ಎಂ’ ಇತ್ತು. ಅಲ್ಲಿಗೆ ಈ ಫೋನನ್ನು ನವೀಕರಿಸಿದ್ದು ತಯಾರಕರಲ್ಲ ಎಂಬುದು ಖಚಿತವಾಯಿತು.

ಆಮೇಲೆ ಮಾರಾಟದ ಪುಟವನ್ನು ಮತ್ತೆ ತೆರೆದು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದಿದೆ. ಅಂಚೆಯ ನಿಯಮ, ಸಂಸ್ಥೆಯ ಪರಿಚಯ, ರಜೆಯ ದಿನಗಳು, ಇವೆಲ್ಲದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಪರದೆ ಬದಲಿಸಿದ ಕೆಲವು ಫೋನುಗಳಲ್ಲಿ ಬೆರಳಚ್ಚು ಕೆಲಸ ಮಾಡದಿರಬಹುದು. ಆ ಸಾಲು ಅವನ ಎಲ್ಲ ಪುಟಗಳಲ್ಲೂ ಇತ್ತು, ಬೆರಳಚ್ಚೇ ಇಲ್ಲದ ಮಾಡೆಲ್‌ಗಳ ಪುಟದಲ್ಲೂ. ಹಾಗೆಯೇ ಅವನ ಬಗ್ಗೆ ಬಂದ ಅಭಿಪ್ರಾಯಗಳಲ್ಲಿ ಅಸಮಾಧಾನದವನ್ನು ಮಾತ್ರ ಆರಿಸಿ ಓದಿದೆ. ಮೂರು ಜನ ಇದೇ ಮಾತು ಬರೆದಿದ್ದರು. ಶೇಕಡಾ 98 ಎಂಬ ಅಂಕಿಯಲ್ಲಿ ಫೋನಿನ ಕವರು, ಚಾರ್ಜಿಂಗ್ ತಂತಿ ಕೊಂಡವರ ಸಂತೋಷವೂ ಸೇರಿದೆ. ಉಳಿದ ಎರಡರಲ್ಲಿ ನಮಗೆ ಬೇಕಾದ ಸುದ್ದಿ ಇರುತ್ತದೆ.

ವ್ಯಾಜ್ಯ

ಮರುದಿನವೇ ವಸ್ತು ವಿವರಣೆಗೆ ತಕ್ಕಂತೆ ಇಲ್ಲವೆಂದು ತಾಣದಲ್ಲಿ ದೂರು ದಾಖಲಿಸಿದೆ. ಟಚ್ ಐಡಿ ನಿರಾಕರಿಸಿದ ಪರದೆಯ ಚಿತ್ರ, ಬ್ಯಾಟರಿಯ ಸೂಚನೆ, ಮಾರಾಟದ ಪುಟದ ಸ್ಕ್ರೀನ್‌ಶಾಟ್, ಮೂರನ್ನೂ ಲಗತ್ತಿಸಿದೆ. ಮಾರಾಟಗಾರನ ಉತ್ತರ ನಿರೀಕ್ಷೆಯಂತೆಯೇ ಬಂತು: ಅದನ್ನು ನಾವು ಬರೆದಿದ್ದೇವೆ, ನೀವು ಓದಿಲ್ಲ. ಜೊತೆಗೆ, ಫೋನು ಇಟ್ಟುಕೊಂಡು ದೂರು ಮುಚ್ಚಿದರೆ 15 ಪೌಂಡ್ ವಾಪಸ್. ನಾನು ಒಪ್ಪದಿದ್ದಾಗ 25.

ಇಲ್ಲಿ ಅನೇಕರು ಸೋಲುತ್ತಾರೆ. 25 ಪೌಂಡ್ ಎಂದರೆ ಸುಮಾರು ಮೂರು ಸಾವಿರ ರೂಪಾಯಿ. ಇನ್ನೊಂದು ಫೋನು ಹುಡುಕುವ ತಾಪತ್ರಯ ಬೇಡವೆಂದು ಒಪ್ಪಿಬಿಡಲು ಮನಸ್ಸು ಎಳೆಯುತ್ತದೆ. ಆದರೆ ದೂರನ್ನು ಒಮ್ಮೆ ಮುಚ್ಚಿದರೆ ಅದೇ ಕಾರಣಕ್ಕೆ ಮತ್ತೆ ತೆರೆಯಲು ಆಗುವುದಿಲ್ಲ. ನನಗಂತೂ ಬೆರಳು ಗುರುತಿಸದ ಫೋನನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಚಿಕ್ಕಮ್ಮನಿಗೆ ಅದು ಪ್ರಯೋಜನವಿಲ್ಲ.

ಸಣ್ಣ ಅಕ್ಷರದ ಆ ಸಾಲು ಅವನನ್ನು ಉಳಿಸುತ್ತದೆಯೇ? ಪ್ರಕರಣದ ತಿರುಳು ಇದೇ. ‘ಬಳಸಿದ್ದು’ ಎಂಬ ಕಾಲಂಗೆ ತಾಣ ಕೊಟ್ಟಿರುವ ಅರ್ಥದಲ್ಲಿ, ಹೊರಗೆ ಸವೆತದ ಗುರುತು ಇರಬಹುದು, ಆದರೆ ವಸ್ತು ಪೂರ್ತಿಯಾಗಿ ಕೆಲಸ ಮಾಡಬೇಕು. ಅವನೇ ಮೇಲೆ ‘ಎಲ್ಲವೂ ಕೆಲಸ ಮಾಡುತ್ತದೆ’ ಎಂದೂ ಬರೆದಿದ್ದಾನೆ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ವ್ಯಾಪಾರಿಯಿಂದ ಕೊಂಡ ಹಳೆಯ ವಸ್ತುವಿಗೂ ಅನ್ವಯಿಸುತ್ತದೆ: ವಸ್ತು ವಿವರಣೆಗೆ ಹೊಂದಬೇಕು, ಇಲ್ಲವಾದರೆ 30 ದಿನಗಳೊಳಗೆ ತಿರಸ್ಕರಿಸಿ ಪೂರ್ತಿ ಹಣ ಕೇಳಬಹುದು. ಒಂದು ದೋಷವನ್ನು ಕೊಳ್ಳುವ ಮೊದಲೇ ಗ್ರಾಹಕನ ಗಮನಕ್ಕೆ ನಿರ್ದಿಷ್ಟವಾಗಿ ತಂದಿದ್ದರೆ ಆ ದೋಷದ ನೆಪದಲ್ಲಿ ಗುಣಮಟ್ಟ ಸರಿಯಿಲ್ಲ ಎನ್ನುವಂತಿಲ್ಲ, ಅದೂ ಕಾಯ್ದೆಯಲ್ಲೇ ಇದೆ. ‘ನಿರ್ದಿಷ್ಟವಾಗಿ’ ಎಂಬ ಪದದ ಮೇಲೆ ನಾನು ನಿಂತೆ. ಈ ಫೋನಿನ ಬೆರಳಚ್ಚು ಕೆಟ್ಟಿದೆ ಎನ್ನುವುದು ನಿರ್ದಿಷ್ಟ ಮಾತು. ಕೆಲವು ಫೋನುಗಳಲ್ಲಿ ಕೆಲಸ ಮಾಡದಿರಬಹುದು ಎಂದು ಎಲ್ಲ ಪುಟಗಳ ಅಡಿಯಲ್ಲಿ ಅಂಟಿಸುವುದು ಹಾಗಲ್ಲ. ಪರೀಕ್ಷಿಸಿದ್ದೇವೆ ಎಂದಮೇಲೆ ಈ ಫೋನಿನಲ್ಲಿ ಅದು ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದು ಅವನಿಗೆ ಗೊತ್ತಿರಲೇಬೇಕು. ಗೊತ್ತಿದ್ದೂ ‘ಇರಬಹುದು’ ಎಂದದ್ದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ಇನ್ನೊಂದು ಬಾಗಿಲೂ ಇತ್ತು. ವ್ಯಾಪಾರಿಯಿಂದ ದೂರದಿಂದಲೇ ಕೊಂಡ ವಸ್ತುವನ್ನು ಕೈ ಸೇರಿದ 14 ದಿನಗಳೊಳಗೆ ಕಾರಣ ಹೇಳದೆ ಬೇಡವೆನ್ನುವ ಹಕ್ಕು ಬ್ರಿಟನ್ನಿನಲ್ಲಿದೆ. ಜನ ಖುದ್ದಾಗಿ ಹಾಜರಾಗಬಹುದಾದ ಸಾರ್ವಜನಿಕ ಹರಾಜಿಗೆ ಅದರಿಂದ ವಿನಾಯಿತಿ ಇದ್ದರೂ ಈಬೇಯಂಥ ಆನ್‌ಲೈನ್ ಹರಾಜಿಗೆ ಇಲ್ಲ. ಅದರಡಿಯಲ್ಲಿ ವಾಪಸ್ ಅಂಚೆಯ ಖರ್ಚು ನನ್ನ ಮೇಲೆ ಬೀಳಬಹುದಾಗಿತ್ತು, ತಪ್ಪು ಯಾರದೆಂಬುದೂ ದಾಖಲಾಗುತ್ತಿರಲಿಲ್ಲ. ಆದ್ದರಿಂದ ಮೊದಲ ಬಾಗಿಲನ್ನೇ ಬಡಿದೆ.

ಮಾರಾಟಗಾರನಿಗೆ ಇತ್ಯರ್ಥಕ್ಕೆ ಇರುವ ಮೂರು ಕೆಲಸದ ದಿನಗಳು ಕಳೆದ ಮೇಲೆ ತಾಣವನ್ನೇ ನಡುವೆ ಬರುವಂತೆ ಕೇಳಿಕೊಂಡೆ. ವಾಪಸ್ ಕಳುಹಿಸುವ ಚೀಟಿ ಅವನ ಖರ್ಚಿನಲ್ಲಿ ಬಂತು. ನವೆಂಬರ್ 21ಕ್ಕೆ ಅಂಚೆಗೆ ಹಾಕಿದೆ, 26ಕ್ಕೆ 86 ಪೌಂಡ್ ಪೂರ್ತಿ ಮರಳಿತು. ಮಾತುಕತೆಯೆಲ್ಲ ತಾಣದ ಸಂದೇಶಗಳಲ್ಲೇ ನಡೆದದ್ದು ಬಹಳ ಉಪಯೋಗಕ್ಕೆ ಬಂತು. ವಾಟ್ಸ್‌ಆ್ಯಪ್‌ಗೆ ಬನ್ನಿ ಎಂದು ಅವನು ಒಮ್ಮೆ ಕರೆದಿದ್ದ, ನಾನು ಹೋಗಲಿಲ್ಲ.

ಎರಡನೆಯ ಫೋನು

ಉಳಿದಿದ್ದದ್ದು ಹದಿನೆಂಟು ದಿನ. ಈ ಸಲ ಫೋನನ್ನು ಹುಡುಕಲಿಲ್ಲ, ಬರೆದದ್ದನ್ನು ಓದಿದೆ. ಎರಡು ಸಂಜೆಗಳಲ್ಲಿ ನಲವತ್ತಕ್ಕೂ ಹೆಚ್ಚು ಪುಟ ಓದಿರಬೇಕು. ಕೊನೆಗೆ ಒಬ್ಬ ಮಹಿಳೆ ಹರಾಜಿಗೆ ಇಟ್ಟ ಎಸ್‌ಇ ಕಂಡಿತು. ಅಂಗಡಿಯವರಲ್ಲ, ತಾವೇ ಬಳಸಿದ್ದನ್ನು ಮಾರುತ್ತಿದ್ದವರು. ರಿಫರ್ಬಿಶ್ಡ್ ಎಂಬ ಪದವೇ ಅಲ್ಲಿರಲಿಲ್ಲ. ಒಂದು ಮೂಲೆ ತಗ್ಗಾಗಿದೆ, ಬೆನ್ನಿಗೆ ಗೀರುಗಳಿವೆ, ಬ್ಯಾಟರಿ ಶೇಕಡಾ 77ಕ್ಕೆ ಇಳಿದಿದೆ, ಪರದೆ ಎಂದೂ ಬದಲಿಸಿಲ್ಲ. ಚಿತ್ರಗಳಲ್ಲಿ ಫೋನಿನ ಪರದೆ ಬೆಳಗುತ್ತಿತ್ತು, ತಗ್ಗಾದ ಮೂಲೆಯನ್ನು ಹತ್ತಿರದಿಂದ ತೆಗೆದಿದ್ದರು.

ಈಬೇ ಹುಟ್ಟಿದ ಕಥೆ ಆಗ ನೆನಪಾಯಿತು. 1995ರಲ್ಲಿ ಪಿಯರ್ ಒಮಿಡ್ಯಾರ್ ಆ ತಾಣ ತೆರೆದಾಗ ಅಲ್ಲಿ ಮೊದಲು ಮಾರಾಟವಾದದ್ದು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರಿಗೆ. ಕೆಟ್ಟಿದೆ ಎಂಬುದು ಗೊತ್ತಿದೆಯೇ ಎಂದು ಒಮಿಡ್ಯಾರ್ ಕೊಂಡವನನ್ನೇ ವಿಚಾರಿಸಿದರು. ಕೆಟ್ಟ ಲೇಸರ್ ಪಾಯಿಂಟರುಗಳನ್ನೇ ಸಂಗ್ರಹಿಸುವವನು ತಾನು ಎಂದು ಅವನು ಉತ್ತರಿಸಿದ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಕೆಟ್ಟ ವಸ್ತುವಿಗೂ ಗಿರಾಕಿ ಸಿಗುತ್ತಾನೆ.

ಆ ಮಹಿಳೆಗೆ ನಾಲ್ಕು ಚಿತ್ರಗಳನ್ನು ಕೇಳಿ ಬರೆದೆ. ಟಚ್ ಐಡಿಯ ಪುಟದಲ್ಲಿ ಒಂದು ಬೆರಳು ದಾಖಲಾಗಿರುವುದು. ಟ್ರೂ ಟೋನ್ ಆಯ್ಕೆ. ಬ್ಯಾಟರಿಯ ಪುಟ. ಮತ್ತು ಫೋನಿನ ವಿವರದ ಪುಟದಲ್ಲಿ ಸಿಮ್‌ಗೆ ನಿರ್ಬಂಧವಿಲ್ಲ ಎಂಬ ಸಾಲು. ಈ ನಾಲ್ಕನೆಯದು ಊರಿಗೆ ಒಯ್ಯುವವರಿಗೆ ಪ್ರಾಣದಷ್ಟು ಮುಖ್ಯ. ಒಂದೇ ಕಂಪನಿಯ ಸಿಮ್‌ಗೆ ಕಟ್ಟಿಹಾಕಿದ ಫೋನು ಮಾರುವುದನ್ನು ಬ್ರಿಟನ್ನಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ನಿಷೇಧಿಸಿದ್ದು 2021ರ ಡಿಸೆಂಬರಿನಲ್ಲಿ. 2020ರ ಫೋನು ಅದಕ್ಕೂ ಹಿಂದಿನದು, ಇನ್ನೂ ಕಟ್ಟಿಹಾಕಿಯೇ ಇರಬಹುದು. ಅಂಥದ್ದು ಶಿರಸಿಯಲ್ಲಿ ನಮ್ಮ ಸಿಮ್ ಹಾಕಿದರೆ ಕೆಲಸಕ್ಕೆ ಬಾರದು.

ಮರುದಿನ ನಾಲ್ಕೂ ಚಿತ್ರಗಳು ಬಂದವು. ಜೊತೆಗೆ ನಾನು ಕೇಳದ ಒಂದು ಮಾತನ್ನೂ ಅವರು ಸೇರಿಸಿದ್ದರು: ಕೆಳಗಿನ ಸ್ಪೀಕರಿನ ಸದ್ದು ಸ್ವಲ್ಪ ಕುಗ್ಗಿದೆ, ಪುಟದಲ್ಲಿ ಬರೆಯಲು ಮರೆತಿದ್ದೆ. ನನ್ನ ನಿರ್ಧಾರ ಆಗಿಹೋದದ್ದು ಆ ಸಾಲಿನಲ್ಲಿ. ವ್ಯಾಪಾರಿ ಅಡಿಕೆ ಕತ್ತರಿಸಿ ಒಳಗಿನ ಬಣ್ಣ ನೋಡಿದ ಹಾಗೆ ಅನ್ನಿಸಿತು.

ಖಾಸಗಿ ವ್ಯಕ್ತಿಯಿಂದ ಕೊಂಡರೆ ಮೇಲೆ ಹೇಳಿದ ಕಾಯ್ದೆಯ ಗುಣಮಟ್ಟದ ರಕ್ಷಣೆಯಾಗಲಿ 14 ದಿನಗಳ ಹಕ್ಕಾಗಲಿ ಇಲ್ಲ. ಮುಖ್ಯವಾಗಿ ಉಳಿಯುವುದು ತಾಣದ ಹಣ ವಾಪಸಾತಿ ಭರವಸೆ. ಅದನ್ನು ತಿಳಿದೇ ಕೂಗಿದೆ. 61 ಪೌಂಡಿಗೆ ಸಿಕ್ಕಿತು. ಬಂದ ದಿನವೇ ಬಟನ್ ಒತ್ತಿದೆ, ಅಲುಗಾಡಲಿಲ್ಲ. ಫೋನಿನಲ್ಲಿ *#06# ಒತ್ತಿ ಐಎಂಇಐ ಎಂಬ ಅದರ ಗುರುತಿನ ಸಂಖ್ಯೆ ತೆಗೆದು ಕಳವಿನ ಪಟ್ಟಿಯಲ್ಲಿ ಇಲ್ಲವೆಂದು ಇಲ್ಲಿಯೇ ನೋಡಿಸಿದೆ. ಭಾರತದಲ್ಲಿ ಹಳೆಯ ಫೋನು ಕೊಳ್ಳುವವರು ಇದನ್ನು ಪುಕ್ಕಟೆಯಾಗಿ ಮಾಡಬಹುದು: ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು, 15 ಅಂಕಿಗಳ ಐಎಂಇಐ ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳುಹಿಸಿದರೆ ಉತ್ತರ ಬರುತ್ತದೆ. ಹಣ ಕೊಡುವ ಮೊದಲು ಕಳುಹಿಸಬೇಕು.

ಬ್ಯಾಟರಿಯನ್ನು ಅಧಿಕೃತ ಸೇವಾ ಕೇಂದ್ರದಲ್ಲಿ ಬದಲಿಸಿದೆ. ಅದಕ್ಕೆ ಹೆಚ್ಚುಕಡಿಮೆ ಫೋನಿನಷ್ಟೇ ಹಣ ಬಿತ್ತು. ಎಲ್ಲ ಕೂಡಿಸಿದರೆ ಮೊದಲೇ ನೋಡಿದ್ದ 112 ಪೌಂಡಿನ ಒಪ್ಪಿಗೆ ಪಡೆದ ಫೋನಿಗಿಂತ ನನ್ನದು ದುಬಾರಿಯಾಯಿತು. ಇದನ್ನು ಮುಚ್ಚಿಡುವುದಿಲ್ಲ. ಎರಡು ಸಂಜೆ ಪುಟ ಓದುವ, ಪತ್ರ ಬರೆಯುವ ತಾಳ್ಮೆ ಇಲ್ಲದವರು ಆ 112 ಪೌಂಡ್ ಕೊಟ್ಟು ದರ್ಜೆ ಬರೆದ ಫೋನು ಕೊಳ್ಳುವುದೇ ಸರಿ ಎಂದು ನನ್ನ ಸ್ನೇಹಿತರಿಗೆ ಹೇಳುತ್ತೇನೆ. ನನಗೆ ಮೂಲ ಪರದೆ, ಮೂಲ ಬಟನ್, ಅಸಲಿ ಹೊಸ ಬ್ಯಾಟರಿ ಒಂದೇ ಫೋನಿನಲ್ಲಿ ಬೇಕಿತ್ತು, ಸಿಕ್ಕಿತು.

ಡಿಸೆಂಬರ್ 16ರ ಮಧ್ಯಾಹ್ನ ಶಿರಸಿಯ ಮನೆಯ ಜಗಲಿಯಲ್ಲಿ ಚಿಕ್ಕಮ್ಮ ಅಡಿಕೆ ಸುಲಿಯುತ್ತಾ ಕುಳಿತಿದ್ದಳು. ಕೈ ತೊಳೆದು ಬಂದು ಬಲಗೈ ಹೆಬ್ಬೆರಳನ್ನು ಬಟನ್ನಿನ ಮೇಲೆ ಇಟ್ಟಳು. ಫೋನು ಗುರುತಿಸಲಿಲ್ಲ. ಮತ್ತೆ ಇಟ್ಟಳು, ಆಗಲೂ ಇಲ್ಲ. ಎದೆ ಒಮ್ಮೆ ಹಾರಿತು. ಆಮೇಲೆ ಅವಳ ಬೆರಳನ್ನು ಬೆಳಕಿಗೆ ಹಿಡಿದು ನೋಡಿದೆ: ಐವತ್ತು ವರ್ಷ ಅಡಿಕೆ ಸುಲಿದ ಬೆರಳಿನಲ್ಲಿ ಗೆರೆಗಳೇ ಸವೆದಿದ್ದವು, ಮೇಲೆ ಚೊಗರಿನ ಕಪ್ಪು.

"ಹಳೆಯ ಫೋನಿಗೆ ಯಾವ ಬೆರಳು ಇಡುತ್ತಿದ್ದೆ ಚಿಕ್ಕಮ್ಮ?"

"ಎಡಗೈಯದು ಅಪ್ಪಿ, ಉಂಗುರದ ಬೆರಳು. ನಿನ್ನ ತಂಗಿ ಹಾಗೆ ಮಾಡಿಕೊಟ್ಟಿದ್ದಳು. ಆ ಕೈ ನಡುಗುವುದಿಲ್ಲ ನೋಡು."

ಟಚ್ ಐಡಿಯಲ್ಲಿ ಐದು ಬೆರಳುಗಳಿಗೆ ಜಾಗವಿದೆ. ಎಡಗೈಯ ಉಂಗುರದ ಬೆರಳನ್ನೂ ಅದರ ಪಕ್ಕದ ಕಿರುಬೆರಳನ್ನೂ ಸೇರಿಸಿದೆವು, ಚಿಕ್ಕಪ್ಪನ ತೋರುಬೆರಳನ್ನು ಮೂರನೆಯದಾಗಿ.